ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ಧನವೆಂಬುದು ತನ್ನಷ್ಟಕ್ಕೆ ತಾನು ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಅದು ಬಂದ ದಾರಿ ಯಾವುದು, ಹೋಗುವ ದಾರಿ ಯಾವುದು ಎಂಬುದರಿಂದ ಅದರ ಬೆಲೆ ನಿರ್ಣಯವಾಗುತ್ತದೆ. ಬರುವ ದಾರಿ ಶುದ್ಧವಾಗಿರಲೆಂದು ಶರಣರು ಕಾಯಕವನ್ನು ಬೋಧಿಸಿದರು. ಹೋಗುವ ದಾರಿ ಶುದ್ಧವಾಗಿರಲೆಂದು ದಾಸೋಹವನ್ನು ಬೋಧಿಸಿದರು. ಇವೆರಡರಲ್ಲಿ ಒಂದು ತಪ್ಪಿದರೆ ಮತ್ತೊಂದು ನಿಲ್ಲದು. ಅನ್ಯಾಯದಿಂದ ಗಳಿಸಿದವನ ದಾನವು ಲಿಂಗಾರ್ಪಿತವಾಗದು. ನ್ಯಾಯದಿಂದ ಗಳಿಸಿಯೂ ಬಚ್ಚಿಟ್ಟುಕೊಂಡವನ ಗಳಿಕೆಯು ಪ್ರಸಾದವಾಗದು. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಧನದ ನಡುವೆಯೇ ಬಾಳಿದವರು. ಭಂಡಾರಿಯ ಕೈಯಲ್ಲಿ ಬೀಗದ ಕೈ ಇರುತ್ತದೆ. ಭಂಡಾರ ಮಾತ್ರ ಅವನದಲ್ಲ. ಗೃಹಸ್ಥನಾದ ಭಕ್ತನು ತನ್ನ ಮನೆಯ ಸಿರಿಯನ್ನು ಈ ಭಾವದಿಂದ ಕಾಣಬೇಕೆಂಬುದೇ ಅವರ ಬಾಳಿನ ಉಪದೇಶ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದ ಭಕ್ತರ ಮನೆಯಿಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಒಪ್ಪಲಿಲ್ಲ; ಹೆಚ್ಚಿನದನ್ನು ಇದ್ದಲ್ಲಿಗೇ ಹಿಂದಿರುಗಿಸಿ ಬರುವಂತೆ ಗಂಡನನ್ನು ಕಳುಹಿಸಿದಳು. ಇದು ಬಡವರ ಮನೆಯ ಕಥೆ. ಆದರೆ ಅಂಗಡಿಯಿಟ್ಟು ವ್ಯಾಪಾರ ಮಾಡುವ ಭಕ್ತನಿಗೆ ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ಬಂಡವಾಳದ ಸ್ವಭಾವವೇ ಬೆಳೆಯುವುದು. ವ್ಯಾಪಾರಿಯ ಮಡಿಲಿಗೆ ದಿನವೂ ಅಳತೆಗಿಂತ ಹೆಚ್ಚೇ ಬೀಳುತ್ತದೆ. ಆ ಹೆಚ್ಚಿನದನ್ನು ಅವನು ಯಾವ ಅಂಗಳಕ್ಕೆ ಹಿಂದಿರುಗಿಸಬೇಕು? ಈ ಪ್ರಶ್ನೆಗೆ ಬಾಳಿನಿಂದ ಉತ್ತರ ಕೊಟ್ಟವರು ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು.

ತುಮಕೂರಿನಿಂದ ಪಶ್ಚಿಮಕ್ಕೆ ಸುಮಾರು ೨೦ ಕಿಲೋಮೀಟರು ದೂರದಲ್ಲಿರುವ ಗುಬ್ಬಿಯು ಬಹುಕಾಲದಿಂದ ವ್ಯಾಪಾರಕ್ಕೆ ಹೆಸರಾದ ಊರು. ಮಲೆನಾಡಿನ ಅಡಿಕೆಯೂ ಸುತ್ತಣ ತೋಟಗಳ ಕೊಬ್ಬರಿಯೂ ಇಲ್ಲಿನ ಪೇಟೆಯಲ್ಲಿ ಕೈ ಬದಲಾಗುತ್ತಿದ್ದುವು. ಊರಿನ ದೈವ ಗೋಸಲ ಚನ್ನಬಸವೇಶ್ವರ. ಹದಿನಾರನೆಯ ಶತಮಾನದಲ್ಲಿ ಭಾವಚಿಂತಾರತ್ನ, ವೀರಶೈವಾಮೃತ ಪುರಾಣಗಳನ್ನು ರಚಿಸಿದ ಮಲ್ಲಣಾರ್ಯನಿಂದ ಈ ಊರಿನ ಹೆಸರು ಕನ್ನಡ ಸಾಹಿತ್ಯದಲ್ಲಿ ಸ್ಥಿರವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ವೀರಣ್ಣನವರಿಂದ ರಂಗಭೂಮಿಯಲ್ಲಿ ಮನೆಮಾತಾಯಿತು. ಪಕ್ಕದ ಕುಣಿಗಲ್ ಸೀಮೆಯಲ್ಲಿ, ನಾಗಿನಿ ನದಿಯ ದಡದ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ, ಎಡೆಯೂರಿನಲ್ಲಿ ನಿರ್ವಿಕಲ್ಪ ಸಮಾಧಿಯನ್ನು ಹೊಂದಿದವರು ತೋಂಟದ ಸಿದ್ಧಲಿಂಗ ಯತಿಗಳು. ಏಳುನೂರೊಂದು ವಿರಕ್ತರೊಡನೆ ಅವರು ಊರೂರು ಸಂಚರಿಸಿದರೆಂಬುದು ಪರಂಪರೆಯ ಮಾತು. ಅಷ್ಟು ಮಂದಿ ಜಂಗಮರು ನಡೆದು ಬಂದಾಗ ಬಾಗಿಲು ತೆರೆದು, ನೀರು ಕೊಟ್ಟು, ನೆರಳು ಕೊಟ್ಟವರು ಈ ಸೀಮೆಯ ಒಕ್ಕಲುಗಳೂ ವರ್ತಕರೂ. ನಡೆದು ಬಂದವರಿಗೆ ಇಂಬು ಕೊಡುವುದು ಈ ನೆಲದ ಹಳೆಯ ರೂಢಿ. ತೋಂಟದಾರ್ಯರ ನೆನಪನ್ನು ಹೊತ್ತ ತೋಟದಪ್ಪ, ಸಿದ್ಧಲಿಂಗಪ್ಪ ಎಂಬ ಹೆಸರುಗಳು ಈ ಭಾಗದ ಮನೆಮನೆಗಳಲ್ಲಿ ಕೇಳಿಬರುತ್ತವೆ.

ಇಂಥ ಗುಬ್ಬಿಯಲ್ಲಿ, ವೀರಶೈವ ವರ್ತಕ ಮನೆತನವೊಂದರಲ್ಲಿ, ೧೮೩೮ರಲ್ಲಿ ತೋಟದಪ್ಪನವರು ಜನಿಸಿದರು. ಮೈಸೂರು ಸೀಮೆಯ ಆಡಳಿತವು ೧೮೩೧ರಲ್ಲಿ ಬ್ರಿಟಿಷ್ ಕಮಿಷನರುಗಳ ಕೈಗೆ ಹೋಗಿದ್ದ ಕಾಲ ಅದು. ಆಡಳಿತದ ಕೇಂದ್ರವು ಬೆಂಗಳೂರಾದುದರಿಂದ ವ್ಯಾಪಾರವೂ ಆ ಕಡೆಗೆ ವಾಲಿತು. ತೋಟದಪ್ಪನವರ ಮನೆತನವೂ ಗುಬ್ಬಿಯನ್ನು ಬಿಟ್ಟು ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರವನ್ನು ಆರಂಭಿಸಿತು. ಇಕ್ಕಟ್ಟಾದ ಬೀದಿಗಳಲ್ಲಿ ಅಂಗಡಿಗೆ ಅಂಗಡಿ ತಾಗಿಕೊಂಡಿರುವ ಬೆಂಗಳೂರು ಪೇಟೆಯಲ್ಲಿ ಬೇರೂರಬೇಕಾದರೆ ಸಾಲದ ಮಾತು, ಅಳತೆಯ ಕೋಲು, ತೂಕದ ಕಲ್ಲು, ಈ ಮೂರೂ ನೆಟ್ಟಗಿರಬೇಕು. ಅಂಗಡಿಯ ಹೆಸರು ಒಂದು ದಿನದಲ್ಲಿ ಬೆಳೆಯುವಂಥದಲ್ಲ. ಕೆಡುವುದಕ್ಕೆ ಒಂದು ದಿನ ಸಾಕು. ತೋಟದಪ್ಪನವರ ಹೆಸರು ಬೆಳೆಯಿತು. ಊರು ಬಿಟ್ಟು ಬಂದರೂ ಊರಿನ ಹೆಸರು ಅವರನ್ನು ಬಿಡಲಿಲ್ಲ. ಗುಬ್ಬಿ ಎಂಬ ಎರಡಕ್ಷರ ಅವರ ಹೆಸರಿನ ಮುಂದೆ ಕೊನೆಯವರೆಗೂ ನಿಂತಿತು, ಇಂದಿಗೂ ನಿಂತಿದೆ.

ಅವರು ನಲವತ್ತರ ಸಮೀಪದಲ್ಲಿದ್ದಾಗ ಮೈಸೂರು ಸೀಮೆಗೆ ೧೮೭೬–೭೮ರ ಮಹಾಕ್ಷಾಮ ಬಂದೆರಗಿತು. ೧೮೭೧ರಲ್ಲಿ ೫೦ ಲಕ್ಷವನ್ನು ಮೀರಿದ್ದ ಸೀಮೆಯ ಜನಸಂಖ್ಯೆ ೧೮೮೧ರ ಗಣತಿಯ ವೇಳೆಗೆ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತೆಂದರೆ ಆ ಕ್ಷಾಮದ ಘೋರತೆಯನ್ನು ತಿಳಿಯಬಹುದು. ಹಳ್ಳಿಗಳು ಬರಿದಾದುವು, ಜನರು ಗಂಜಿಗಾಗಿ ಪಟ್ಟಣದ ದಾರಿ ಹಿಡಿದರು. ದಾರಿಯಲ್ಲಿಯೇ ಬಿದ್ದವರೆಷ್ಟೋ ಮಂದಿ. ಆ ತಲೆಮಾರಿನ ಬೆಂಗಳೂರಿನ ವರ್ತಕರೆಲ್ಲರೂ ಈ ನೋಟವನ್ನು ಕಣ್ಣಾರೆ ಕಂಡವರು. ಕಣಜದಲ್ಲಿ ಕಾಳಿದ್ದರೂ ಹಸಿದವನ ಬಾಯಿಗೆ ಅದು ಸೇರುವ ದಾರಿಯಿಲ್ಲದಿದ್ದರೆ ಆ ಕಾಳು ಕಲ್ಲಿಗೆ ಸಮ ಎಂಬುದನ್ನು ಆ ವರ್ಷಗಳು ನಾಡಿಗೆ ಕಲಿಸಿದುವು.

ಕ್ಷಾಮದ ಬಳಿಕ ನಾಡಿನ ಮುಖ ಬದಲಾಗತೊಡಗಿತು. ೧೮೮೧ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಹಿಂದಿರುಗಿತು. ಬೆಂಗಳೂರಿನಿಂದ ತುಮಕೂರಿಗೆ ೧೮೮೪ರಲ್ಲಿ ರೈಲು ಬಂತು. ಗುಬ್ಬಿಯನ್ನು ಹಾದು ಆ ಹಾದಿ ಹರಿಹರದ ಕಡೆಗೆ ಮುಂದುವರಿಯಿತು. ಎತ್ತಿನ ಗಾಡಿಯಲ್ಲಿ ದಿನಗಟ್ಟಲೆ ನಡೆಯಬೇಕಾಗಿದ್ದ ಪ್ರಯಾಣವು ಕೆಲವೇ ಗಂಟೆಗಳ ಮಾತಾಯಿತು. ಗಾಡಿಯ ಕಾಲದಲ್ಲಿ ದಾರಿಹೋಕನಿಗೆ ಹಳ್ಳಿಯ ಜಗಲಿಯುಂಟು, ಗುಡಿಯ ಪೌಳಿಯುಂಟು, ಮಠದ ಪಡಸಾಲೆಯುಂಟು. ರೈಲಿನಲ್ಲಿ ಬಂದಿಳಿದವನಿಗೆ ಇವಾವುವೂ ಇಲ್ಲ. ಕೋರ್ಟಿನ ವ್ಯಾಜ್ಯಕ್ಕೆ ಬಂದ ರೈತ, ರೋಗಿಯನ್ನು ಕರೆತಂದ ಮುದುಕಿ, ಯಾತ್ರೆಗೆ ಹೊರಟ ಸಂಸಾರ, ಕಾಲೇಜು ಸೇರಲು ಬಂದ ಹುಡುಗ, ಇವರೆಲ್ಲರೂ ಸ್ಟೇಷನ್ನಿನ ಹೊರಗೆ ಗಂಟು ಕೆಳಗಿಟ್ಟು ದಿಕ್ಕು ನೋಡಬೇಕು. ಹಣವಿದ್ದವನಿಗೆ ಊರು ತನ್ನದು. ಇಲ್ಲದವನಿಗೆ ಇರುಳು ಕಳೆಯುವುದೇ ಚಿಂತೆ.

ತೋಟದಪ್ಪನವರಿಗೆ ಮಕ್ಕಳಿರಲಿಲ್ಲ. ಆಸ್ತಿವಂತನಿಗೆ ಸಂತಾನವಿಲ್ಲದಿದ್ದರೆ ದತ್ತು ತೆಗೆದುಕೊಂಡು ಮನೆತನದ ಹೆಸರನ್ನೂ ಆಸ್ತಿಯನ್ನೂ ಉಳಿಸಿಕೊಳ್ಳುವುದು ಲೋಕದ ವಾಡಿಕೆ. ಅದರಲ್ಲಿ ದೋಷವೇನೂ ಇಲ್ಲ. ಆದರೆ ಅವರು ಹಿಡಿದ ದಾರಿ ಬೇರೆ. ದಾರಿಹೋಕರಿಗೆ ಧರ್ಮಛತ್ರ, ವಿದ್ಯಾರ್ಥಿಗಳಿಗೆ ಉಚಿತ ನಿಲಯ, ಈ ಎರಡಕ್ಕೆ ತಮ್ಮ ಸರ್ವಸ್ವವೂ ಸಲ್ಲಬೇಕೆಂದು ಅವರು ಸಂಕಲ್ಪಿಸಿದರು. ಒಂದು ಮಗುವನ್ನು ತಮ್ಮದೆನ್ನಬೇಕಾದಲ್ಲಿ ಹೆಸರು ತಿಳಿಯದ, ಮುಖ ಕಾಣದ, ಇನ್ನೂ ಹುಟ್ಟದ ಸಹಸ್ರಾರು ಮಕ್ಕಳನ್ನು ತಮ್ಮವರೆಂದರು. ಪ್ರೀತಿಯು ರಕ್ತಸಂಬಂಧವನ್ನು ಕೇಳುತ್ತದೆ; ದಯೆಯಾದರೋ ಕಣ್ಣೆದುರಿನ ದುಃಖವನ್ನು ಕೇಳುತ್ತದೆ. ಇವೆರಡನ್ನೂ ಕೇಳದೆ ಮುಂಬರುವವನಿಗಾಗಿ ಮನೆ ಕಟ್ಟಿಡುವುದು ಭಕ್ತಿಯಿಂದ ಮಾತ್ರ ಸಾಧ್ಯ. ಶರಣರು ದಯೆಯನ್ನೇ ಧರ್ಮದ ಬೇರೆಂದು ಸಾರಿದುದು ಇಂಥ ಹೃದಯವಂತರ ಬಾಳಿನಲ್ಲಿ ಚಿಗುರೊಡೆಯುತ್ತದೆ.

೧೮೯೭ರಲ್ಲಿ ಅವರು ಬೆಂಗಳೂರು ರೈಲು ನಿಲ್ದಾಣದ ಬಳಿ ಎರಡೂವರೆ ಎಕರೆ ಭೂಮಿಯನ್ನು ರೈಲ್ವೆಯವರಿಂದ ಕೊಂಡರು. ಇಲ್ಲಿ ವರ್ತಕನ ಕಣ್ಣನ್ನು ಗಮನಿಸಬೇಕು. ಪೇಟೆಯ ನಡುವೆ ಅಂಗಡಿಸಾಲಿನ ಬಳಿ ಕಟ್ಟಿದ್ದರೆ ಬಂಧುಬಳಗ ನೋಡಿ ಹೊಗಳುತ್ತಿತ್ತು. ಆಗಿನ ರೈಲು ನಿಲ್ದಾಣವು ಪೇಟೆಯ ಹೊರಗೆ, ಧರ್ಮಾಂಬುಧಿ ಕೆರೆಯ ಆಚೆ ಇತ್ತು. ಆದರೆ ದಾರಿಹೋಕನು ಇಳಿಯುವುದು ಅಲ್ಲಿ. ಗಂಟನ್ನು ಕೆಳಗಿಡುವುದು ಅಲ್ಲಿ. ಒಳ್ಳೆಯ ವ್ಯಾಪಾರಿಯು ಗಿರಾಕಿ ಎಲ್ಲಿ ನಿಲ್ಲುವನೆಂದು ನೋಡಿ ಅಂಗಡಿಯಿಡುತ್ತಾನೆ. ತೋಟದಪ್ಪನವರು ಅದೇ ಜಾಣ್ಮೆಯನ್ನು ದಾಸೋಹಕ್ಕೆ ತಂದರು. ವ್ಯಾಪಾರದಲ್ಲಿ ಕಲಿತ ವಿವೇಕವನ್ನು ವ್ಯಾಪಾರದಲ್ಲಿಯೇ ಬಿಟ್ಟು, ಧರ್ಮಕಾರ್ಯಕ್ಕೆ ಬರುವಾಗ ಕಣ್ಣು ಮುಚ್ಚಿಕೊಂಡು ಕೊಡುವವರುಂಟು. ಅಂಥವರ ದಾನವು ಬಹುಕಾಲ ಉಳಿಯದು. ಕಾಯಕದ ಬುದ್ಧಿಯೂ ದಾಸೋಹದ ಹೃದಯವೂ ಒಂದೇ ಮನುಷ್ಯನಲ್ಲಿ ಕೂಡಿದಾಗ ಕೆಲಸವು ನಿಲ್ಲುತ್ತದೆ.

ಭೂಮಿ ಕೊಂಡ ಮರುವರ್ಷವೇ, ೧೮೯೮ರಲ್ಲಿ, ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಇಕ್ಕಟ್ಟಾದ ಪೇಟೆಯ ಮೇಲೆ ಆ ಮಾರಿಯ ಹಾವಳಿ ಹೆಚ್ಚು. ಜನರು ಮನೆಮಠಗಳನ್ನು ತೊರೆದು ಊರ ಹೊರಗಣ ಬಯಲಿಗೆ ಹೋಗಿ ಗುಡಿಸಲುಗಳಲ್ಲಿ ವಾಸಿಸಿದರು. ವ್ಯಾಪಾರ ಕುಗ್ಗಿತು. ಇಂಥ ಕಾಲದಲ್ಲಿ ಹಣವಂತನು ಹಣವನ್ನು ಬಿಗಿಹಿಡಿಯುವುದು ಮನುಷ್ಯಸ್ವಭಾವ. ಅರುವತ್ತನ್ನು ದಾಟಿದ್ದ ತೋಟದಪ್ಪನವರ ಸಂಕಲ್ಪವು ಹಿಂಜರಿಯಲಿಲ್ಲ. ೧೯೦೩ನೆಯ ಇಸವಿ ಫೆಬ್ರವರಿ ೧೧ರಂದು ಧರ್ಮಛತ್ರದ ಆರಂಭೋತ್ಸವವು ನೆರವೇರಿತು. ಅದನ್ನು ನೆರವೇರಿಸಿದವರು, ಹಿಂದಿನ ವರ್ಷ ಆಗಸ್ಟಿನಲ್ಲಿ ತಾನೇ ರಾಜ್ಯಭಾರವನ್ನು ವಹಿಸಿಕೊಂಡಿದ್ದ ತರುಣ ಪ್ರಭು ನಾಲ್ವಡಿ ಕೃಷ್ಣರಾಜ ಒಡೆಯರವರು.

ಆ ಛತ್ರದ ಬಾಗಿಲು ಎಲ್ಲ ಮತಧರ್ಮಗಳ ಪ್ರಯಾಣಿಕರಿಗೂ ತೆರೆದಿತ್ತು. ಜಾತಿಗೊಂದು ಛತ್ರ, ಪಂಕ್ತಿಗೊಂದು ಮನೆ ಎಂಬ ಕಟ್ಟಳೆ ಬಲವಾಗಿದ್ದ ದಿನಗಳಲ್ಲಿ ಇದು ಸಣ್ಣ ಮಾತಲ್ಲ. ಬಂದವನ ಕುಲವನ್ನು ಕೇಳಿ ಬಾಗಿಲು ತೆರೆಯುವವನು ದಾನಿಯಾಗಬಹುದು; ದಾಸೋಹಿಯಾಗಲಾರನು. ದಾಸೋಹವೆಂದರೆ ತಾನು ದಾಸನೆಂದು ತಿಳಿದು ಮಾಡುವ ಸೇವೆ. ದಾಸನಿಗೆ ಒಡೆಯನ ಕುಲಗೋತ್ರವನ್ನು ವಿಚಾರಿಸುವ ಅಧಿಕಾರವೆಲ್ಲಿಯದು? ಆದುದರಿಂದ ದಾರಿಹೋಕನು ಛತ್ರದ ಹೊಸ್ತಿಲನ್ನು ದಾಟುವಾಗ ಭಿಕ್ಷುಕನಂತೆ ತಲೆ ತಗ್ಗಿಸಬೇಕಾಗಿಲ್ಲ. ಅತಿಥಿಯಾಗಿ ಒಳಗೆ ಬರುತ್ತಾನೆ.

ಸಂಕಲ್ಪದ ಎರಡನೆಯ ಅಂಗವಾದ ವಿದ್ಯಾರ್ಥಿನಿಲಯವು ವೀರಶೈವ ಲಿಂಗಾಯತ ವಿದ್ಯಾರ್ಥಿಗಳಿಗೆ ಮೀಸಲಾಯಿತು. ಛತ್ರವು ಎಲ್ಲರಿಗೂ ತೆರೆದಿರುವಾಗ ನಿಲಯವು ಒಂದು ಸಮಾಜಕ್ಕೇಕೆ ಎಂದು ಕೇಳುವುದು ನ್ಯಾಯವೇ. ಆ ಕಾಲದ ಸ್ಥಿತಿಯನ್ನು ನೆನೆದರೆ ಕಾರಣವು ತಿಳಿಯುತ್ತದೆ. ಒಕ್ಕಲುತನ, ವ್ಯಾಪಾರಗಳಲ್ಲಿ ತೊಡಗಿದ್ದ ಸಮಾಜದ ಹಳ್ಳಿಯ ಮಕ್ಕಳಿಗೆ ಇಂಗ್ಲಿಷ್ ವಿದ್ಯೆಯು ದೂರದ ಮಾತಾಗಿತ್ತು. ಉನ್ನತ ವ್ಯಾಸಂಗಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನೋ ಮೈಸೂರಿನ ಮಹಾರಾಜ ಕಾಲೇಜನ್ನೋ ಸೇರಬೇಕು. ಪಾಠಕ್ಕೆ ಬುದ್ಧಿಯಿದ್ದರೂ ಊಟಕ್ಕೆ ಗತಿಯಿಲ್ಲದೆ ಹಿಂದಿರುಗಿದ ಹುಡುಗರಿಗೆ ಲೆಕ್ಕವಿಲ್ಲ. ಅನ್ನವಿಲ್ಲದ ಕಡೆ ಅಕ್ಷರ ನಿಲ್ಲದು. ಆಯಾ ಸಮಾಜಗಳ ಹಿರಿಯರು ತಮ್ಮ ತಮ್ಮ ಮಕ್ಕಳಿಗೆ ವಿದ್ಯಾರ್ಥಿನಿಲಯಗಳನ್ನು ಕಟ್ಟಿಕೊಟ್ಟುದರಿಂದಲೇ ಈ ನಾಡಿನಲ್ಲಿ ವಿದ್ಯೆಯು ಹಳ್ಳಿಗಳನ್ನು ಮುಟ್ಟಿತು. ತೋಟದಪ್ಪನವರು ತಮ್ಮ ಸಮಾಜದ ಹೊರೆಗೆ ತಾವು ಹೆಗಲು ಕೊಟ್ಟರು.

ಈ ಎರಡು ಅಂಗಗಳನ್ನು ಜೋಡಿಸಿದ ಬಗೆಯಂತೂ ಗೃಹಸ್ಥರು ಮನಸ್ಸಿನಲ್ಲಿಡತಕ್ಕದ್ದು. ಛತ್ರದಿಂದ ಬರುವ ಆದಾಯವು ವಿದ್ಯಾರ್ಥಿಗಳ ಹಿತಕ್ಕೆ ವಿನಿಯೋಗವಾಗುವ ಏರ್ಪಾಟು ಅದು. ಹಣವನ್ನು ಒಮ್ಮೆಗೇ ಹಂಚಿಬಿಟ್ಟರೆ ಪಡೆದವನೂ ಮರೆಯುತ್ತಾನೆ, ಕೊಟ್ಟವನೂ ಬರಿದಾಗುತ್ತಾನೆ. ತೆಂಗಿನ ಸಸಿಯನ್ನು ಸುಲಿದು ತಿಂದರೆ ಒಂದು ದಿನದ ಹಸಿವು ಹಿಂಗುವುದೂ ಸಂದೇಹ. ನೆಟ್ಟು ನೀರೆರೆದರೆ ಎರಡು ತಲೆಮಾರು ಕಾಯಿ ಕೀಳಬಹುದು. ತೆಂಗಿನ ಸೀಮೆಯಾದ ಗುಬ್ಬಿಯಲ್ಲಿ ಹುಟ್ಟಿದವರಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಸಲು ಹಾಗೆಯೇ ನಿಂತು ಫಲ ಮಾತ್ರ ಹಂಚಿಕೆಯಾಗುವಂತೆ ಅವರು ಧರ್ಮವನ್ನು ನೆಟ್ಟರು. ತಂಗುವ ಪ್ರಯಾಣಿಕನಿಗೆ ತಿಳಿಯದೆಯೇ ಅವನಿಂದ ಒಬ್ಬ ಬಡ ವಿದ್ಯಾರ್ಥಿಗೆ ನೆರವಾಗುತ್ತದೆ. ಪಡೆಯುವವನೂ ಕೊಡುವವನಾಗುವ ಈ ಕ್ರಮಕ್ಕಿಂತ ಮಿಗಿಲಾದ ದಾಸೋಹ ಇನ್ನಾವುದು?

ಅದೇ ಕಾಲದಲ್ಲಿ ಮುಂಬಯಿಯಲ್ಲಿ ಜಮ್‌ಷೇಟ್‌ಜಿ ಟಾಟಾರವರು ಇದ್ದರು. ಅವರು ತೋಟದಪ್ಪನವರಿಗಿಂತ ಒಂದು ವರ್ಷ ಕಿರಿಯರು. ಬಟ್ಟೆಯ ಗಿರಣಿಗಳಲ್ಲಿ ಅಪಾರ ಬಂಡವಾಳ ಹೂಡಿ ಗಳಿಸಿದ ಆ ಮಹನೀಯರು ತಮ್ಮ ಸಂಪತ್ತಿನ ದೊಡ್ಡ ಪಾಲನ್ನು ವಿಜ್ಞಾನ ಸಂಶೋಧನೆಯ ಸಂಸ್ಥೆಯೊಂದಕ್ಕೆ ಮುಡಿಪಾಗಿಟ್ಟರು. ಅವರು ೧೯೦೪ರಲ್ಲಿ ತೀರಿಕೊಂಡ ಬಳಿಕ, ೧೯೦೯ರಲ್ಲಿ, ಅದೇ ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನವು ಕೊಟ್ಟ ೩೭೧ ಎಕರೆ ಭೂಮಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಟಾಟಾರವರ ಸಿರಿಯ ಮುಂದೆ ಮಾಮೂಲುಪೇಟೆಯ ವರ್ತಕನ ಸಿರಿ ಎಷ್ಟರದು? ಮೂವತ್ತಾರು ಮಾಳಿಗೆಯ ಮುಂದೆ ಹುಲ್ಲಿನ ಮನೆಯಿದ್ದಂತೆ ಎಂದು ಲೋಕವು ತೂಗಬಹುದು. ಶರಣರ ತಕ್ಕಡಿಯಲ್ಲಿ ತೂಕ ಬೇರೆ. ಎಷ್ಟು ಕೊಟ್ಟನೆಂಬುದಕ್ಕಿಂತ ತನಗೆಂದು ಎಷ್ಟನ್ನು ಉಳಿಸಿಕೊಂಡನೆಂಬುದನ್ನು ಆ ತಕ್ಕಡಿ ತೂಗುತ್ತದೆ. ಬೆಂಗಳೂರಿನ ಒಂದು ದಿಕ್ಕಿನಲ್ಲಿ ವಿಜ್ಞಾನದ ಮಹಾಮಂದಿರ, ಮತ್ತೊಂದು ದಿಕ್ಕಿನಲ್ಲಿ ದಾರಿಹೋಕನ ಛತ್ರ; ಎರಡೂ ತಮ್ಮ ತಮ್ಮ ಅಳವಿಗೆ ಮೀರಿ ಕೊಟ್ಟವರ ಕುರುಹುಗಳೇ.

೧೯೦೫ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ತೋಟದಪ್ಪನವರಿಗೆ ಧರ್ಮಪ್ರವರ್ತ ಎಂಬ ಬಿರುದನ್ನಿತ್ತು ಗೌರವಿಸಿದರು. ಬ್ರಿಟಿಷ್ ಸರ್ಕಾರದಿಂದ ರಾವ್ ಬಹದ್ದೂರ್ ಎಂಬ ಬಿರುದೂ ಬಂತು. ಬಿರುದುಗಳ ಮಾತು ಬಂದಾಗ ಭಕ್ತನ ಮನಸ್ಸಿನಲ್ಲಿ ಒಂದು ಅಳುಕು ಮೂಡಬೇಕಾದುದೇ. ಮಾಡಿದೆನೆಂಬ ಅಹಂಕಾರವು ಮನಸ್ಸಿನಲ್ಲಿ ಹೊಳೆದರೆ ಮಾಡಿದ ಪೂಜೆಯೂ ನೀಡಿದ ದಾನವೂ ನಿಷ್ಫಲವೆಂದು ಶರಣರು ಎಚ್ಚರಿಸಿದ್ದಾರೆ. ಛತ್ರದ ಮೇಲೆ ದಾನಿಯ ಹೆಸರಿದೆ, ಹೆಸರಿನ ಮುಂದೆ ಬಿರುದುಗಳಿವೆ. ಹಾಗಾದರೆ ಇದು ದಾಸೋಹವೋ, ಕೀರ್ತಿಕಾಮನೆಯೋ? ಗೋಡೆಯ ಮೇಲಿನ ಅಕ್ಷರಗಳಿಂದ ಈ ಪ್ರಶ್ನೆಗೆ ಉತ್ತರ ದೊರೆಯದು. ಕೊಟ್ಟವನು ಕೊಟ್ಟ ಮೇಲೆ ಏನು ಮಾಡಿದನೆಂಬುದನ್ನು ನೋಡಬೇಕು. ಕೊಟ್ಟೂ ಕೈಬಿಡದವನು, ಕಟ್ಟಿಸಿಯೂ ಬೀಗದ ಕೈಯನ್ನು ಸೊಂಟದಲ್ಲಿಟ್ಟುಕೊಂಡವನು, ಧರ್ಮದ ಹೆಸರಿನಲ್ಲಿ ತನ್ನ ಒಡೆತನವನ್ನೇ ಬೆಳೆಸುತ್ತಾನೆ.

ತೋಟದಪ್ಪನವರು ತಮ್ಮ ಅಂತ್ಯಕಾಲದಲ್ಲಿ ಸಮಸ್ತ ಆಸ್ತಿಯನ್ನೂ ಧರ್ಮಸಂಸ್ಥೆಗೆ ಒಪ್ಪಿಸಿದರು. ಅದರ ಅಧ್ಯಕ್ಷತೆಯನ್ನು ಕೆ. ಪಿ. ಪುಟ್ಟಣ್ಣಚೆಟ್ಟಿಯವರಿಗೆ ವಹಿಸಿದರು. ಬೆಂಗಳೂರು ನಗರಸಭೆಯ ಅಧ್ಯಕ್ಷರಾಗಿಯೂ ಸೇವೆ ಸಲ್ಲಿಸಿ, ಇಂದು ನಗರದ ಪುರಭವನಕ್ಕೆ ಯಾರ ಹೆಸರಿದೆಯೋ ಅವರೇ ಈ ಪುಟ್ಟಣ್ಣಚೆಟ್ಟಿಯವರು. ಯೋಗ್ಯನನ್ನು ಆರಿಸಿ, ಅವನ ಕೈಗೆ ಬೀಗದ ಕೈಯನ್ನು ಕೊಟ್ಟು, ತಾವು ಹಿಂದೆ ಸರಿಯುವುದು ಕೊಡುವ ಕೆಲಸದಲ್ಲೆಲ್ಲ ಕಠಿಣವಾದುದು. ಹಣವನ್ನು ಬಿಡುವುದಕ್ಕಿಂತ ಹಣದ ಮೇಲಿನ ಹಿಡಿತವನ್ನು ಬಿಡುವುದು ಕಷ್ಟ. ಭಂಡಾರಿಯ ಭಾವವೆಂದರೆ ಇದೇ. ಹೆಸರು ಗೋಡೆಯ ಮೇಲೆ ಉಳಿಯಿತು, ಒಡೆತನ ಉಳಿಯಲಿಲ್ಲ. ೧೯೧೦ನೆಯ ಇಸವಿ ಫೆಬ್ರವರಿ ೨೧ರಂದು, ಛತ್ರದ ಏಳು ವರ್ಷಗಳ ಸೇವೆಯನ್ನು ಕಣ್ಣಾರೆ ಕಂಡು, ಎಪ್ಪತ್ತೆರಡರ ವೃದ್ಧಾಪ್ಯದಲ್ಲಿ ಅವರು ಲಿಂಗೈಕ್ಯರಾದರು.

ಅಲ್ಲಿಂದೀಚೆಗೆ ಒಂದು ಶತಮಾನಕ್ಕೂ ಮಿಕ್ಕಿದ ಕಾಲ ಸಂದಿದೆ. ಧರ್ಮಾಂಬುಧಿ ಕೆರೆಯು ಬತ್ತಿ, ಅದರ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವೆದ್ದಿದೆ. ರೈಲು ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರು ಬಂದಿದೆ. ಊರ ಹೊರಗಿದ್ದ ಆ ಎರಡೂವರೆ ಎಕರೆ ಈಗ ಮಹಾನಗರದ ಹೃದಯಭಾಗ. ಪಕ್ಕದ ಬೀದಿಗೆ ಗುಬ್ಬಿ ತೋಟದಪ್ಪ ರಸ್ತೆಯೆಂದು ಹೆಸರು. ಆ ಬೀದಿಯಲ್ಲಿ ಅವಸರದಿಂದ ನಡೆಯುವವರಲ್ಲಿ ತೋಟದಪ್ಪನವರು ಯಾರೆಂದು ಬಲ್ಲವರು ಕೆಲವರೇ. ಆದರೂ ಅವರು ನೆಟ್ಟ ಧರ್ಮವು ನಿಂತಿಲ್ಲ. ಅದರ ಆದಾಯವು ವಿದ್ಯಾರ್ಥಿಗಳಿಗೆ ಸಲ್ಲುತ್ತಲೇ ಬಂದಿದೆ. ಸ್ವಂತ ಮಕ್ಕಳಿದ್ದ ಎಷ್ಟೋ ಸಿರಿವಂತರ ಆಸ್ತಿಯು ಮೂರನೆಯ ತಲೆಮಾರಿಗೆ ಹರಿದು ಹಂಚಿಹೋಗಿ, ಮನೆಯ ಹೆಸರೂ ಅಳಿಸಿಹೋಗಿದೆ. ಮಕ್ಕಳಿಲ್ಲದವರ ಆಸ್ತಿಯು ಮಕ್ಕಳನ್ನು ಸಾಕುತ್ತಲೇ ಇದೆ.

ತೋಟದಪ್ಪನವರು ಹುಟ್ಟಿದ ಸೀಮೆಯಲ್ಲಿಯೇ, ತುಮಕೂರಿನ ಸಿದ್ಧಗಂಗೆಯಲ್ಲಿ, ೧೯೪೧ರಿಂದ ಮಠಾಧಿಪತ್ಯವನ್ನು ವಹಿಸಿ ೨೦೧೯ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರು ಎಲ್ಲ ಜಾತಿಮತಗಳ ಸಹಸ್ರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತುದನ್ನು ನಾಡು ಕಂಡಿದೆ. ವಿರಕ್ತರು ಜೋಳಿಗೆ ಹಿಡಿದು ಮಾಡಿದ ಕಾರ್ಯ ಅದು. ವರ್ತಕರು ಗಲ್ಲದ ಪೆಟ್ಟಿಗೆಯನ್ನು ತೆರೆದು ಮಾಡಿದ ಕಾರ್ಯ ಇದು. ಜೋಳಿಗೆಯೂ ಪೆಟ್ಟಿಗೆಯೂ ಒಂದೇ ಅಡುಗೆಮನೆಗೆ ಸಲ್ಲಬಹುದೆಂಬುದಕ್ಕೆ ಈ ಸೀಮೆಯೇ ಸಾಕ್ಷಿ.

ಎಲ್ಲರೂ ಛತ್ರ ಕಟ್ಟಿಸಲಾರರು. ಎಲ್ಲರಿಗೂ ಆ ಶಕ್ತಿಯಿಲ್ಲ. ಆದರೆ ವರ್ಷದ ಕೊನೆಗೆ ಲೆಕ್ಕದ ಪುಸ್ತಕವನ್ನು ಮುಚ್ಚುವಾಗ ಖರ್ಚು ಕಳೆದು ಉಳಿದುದು ಎಷ್ಟೆಂದು ಕೂಡಿಸುವ ಗೃಹಸ್ಥನು ಇನ್ನೊಂದು ಸಾಲನ್ನೂ ಬರೆದುಕೊಳ್ಳಬಹುದು: ಈ ಉಳಿದುದರಲ್ಲಿ ತಾನು ಕಾಣದವರ ಪಾಲು ಎಷ್ಟು? ಆ ಸಾಲು ಬರಿದಾಗಿದ್ದರೆ ಲಕ್ಕಮ್ಮನು ಹಿಂದಿರುಗಿಸಿ ಬಾ ಎಂದು ಕಳುಹಿಸಿದ ಅಕ್ಕಿಯು ತನ್ನ ಮನೆಯ ಮೂಲೆಯಲ್ಲಿ ಇನ್ನೂ ಇದೆಯೆಂದು ತಿಳಿಯಬೇಕು. ತೋಟದಪ್ಪನವರು ತಮ್ಮ ಪಾಲಿನ ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿ ಬರಿಗೈಯಲ್ಲಿ ಲಿಂಗದಲ್ಲಿ ಬೆರೆತರು. ರೈಲಿಳಿದು ಗಂಟು ಹೊತ್ತು ಬರುವ ಅಪರಿಚಿತನಿಗೆ ಅವರ ಬಾಗಿಲು ತೆರೆದೇ ಇದೆ.